ಸ್ಮಾರ್ಟ್ ಫೋನ್ ಪಾಠ: ಒತ್ತುವುದನ್ನು ಕಲಿಸಿದರೆ ಸಾಕೆ?

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವವು ಐದು ತಾಲ್ಲೂಕುಗಳು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ಬಹುಪಾಲು ಮಳೆಯನ್ನೇ ನಂಬಿದ ಸೀಮೆ ಇದು. ಮೆಕ್ಕೆಜೋಳ, ಜೋಳ, ಶೇಂಗಾ ಇಲ್ಲಿಯ ಹೊಲಗಳಲ್ಲಿ ಸಾಮಾನ್ಯ. ಹಡಗಲಿಯ ಮಲ್ಲಿಗೆಗೆ ದೂರದ ಊರುಗಳಲ್ಲೂ ಹೆಸರಿದೆ. ಇಂಥ ಸೀಮೆಯಲ್ಲಿ ಸ್ಮಾರ್ಟ್ ಫೋನ್ ಶೋಕಿಯ ವಸ್ತುವಾಗಿದ್ದ ಕಾಲ ಮುಗಿದಿದೆ. ಅದೀಗ ಪಹಣಿ, ಪಡಿತರ ಚೀಟಿಗಳಂತೆ ಬದುಕಿನ ಅಗತ್ಯಗಳಲ್ಲಿ ಒಂದು.

ಏಕೆಂದು ನೋಡಿ. 2016ರ ಏಪ್ರಿಲ್‌ನಲ್ಲಿ ಯುಪಿಐ ಪಾವತಿ ವ್ಯವಸ್ಥೆ ಬಂತು. ಇಂದು ಮಂಡಕ್ಕಿ ಮಿರ್ಚಿ ಮಾರುವ ಗಾಡಿಯ ಮೇಲೂ ಅದರ ಚೌಕುಳಿ ಚಿತ್ರ ಅಂಟಿಕೊಂಡಿದೆ. 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವು ರೈತರು ತಮ್ಮ ಹೊಲದಲ್ಲಿ ತಾವೇ ನಿಂತು, ಬೆಳೆಯ ಫೋಟೊ ತೆಗೆದು, ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಅನ್ನು ತಂದಿತು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಸ್ಥಳದ ಗುರುತು ಸಹಿತ ಫೋಟೊ ತೆಗೆದು ಹಾಜರಿ ಹಾಕುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಅದೇ ವರ್ಷ ಪಿಎಂ-ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡುವ ಸೌಲಭ್ಯ ಬಂತು. ಅಂದರೆ, ಫೋನು ಬಳಸಲು ಬಾರದಿದ್ದರೆ ಇಂದು ಆಗುವ ನಷ್ಟ ಕೇವಲ ಮಾತುಕತೆಯದ್ದಲ್ಲ. ಬೆಳೆ ದಾಖಲಾಗದೆ ಹೋಗಬಹುದು, ದುಡಿದ ದಿನದ ಹಾಜರಿ ತಪ್ಪಬಹುದು, ಖಾತೆಯಲ್ಲಿದ್ದ ಹಣ ಕಳೆದುಹೋಗಬಹುದು.

ಹೀಗಿರುವಾಗ ಹೊಸಬರಿಗೆ ಈ ಸಾಧನವನ್ನು ನಾವು ಹೇಗೆ ಕಲಿಸುತ್ತಿದ್ದೇವೆ? ಈ ಲೇಖನದಲ್ಲಿ ವಿಮರ್ಶೆಗೆ ಒಳಗಾಗುವುದು ಆ ಕಲಿಕೆಯ ಕ್ರಮ. ನನ್ನ ವಾದ ಸರಳ: ನಾವು ಎಲ್ಲಿ ಒತ್ತಬೇಕೆಂದು ಮಾತ್ರ ಕಲಿಸುತ್ತೇವೆ; ಒತ್ತಿದಾಗ ಏನಾಗುತ್ತದೆ ಎಂಬುದನ್ನು ಕಲಿಸುವುದಿಲ್ಲ. ಎರಡನೆಯದು ಕಷ್ಟವೆಂಬ ನಂಬಿಕೆ ನಮ್ಮಲ್ಲಿದೆ. ಆದರೆ ಅದು ಕಷ್ಟವಲ್ಲ. ಪ್ರೌಢಶಾಲೆಯ ಭೌತವಿಜ್ಞಾನ ಗೊತ್ತಿರುವ ಯಾರೂ ಅದನ್ನು ಹೇಳಿಕೊಡಬಲ್ಲರು.

ಬಾಯಿಪಾಠದ ಕ್ರಮ

ಹಿಂದೆ ರೇಡಿಯೊ ಕೊಂಡರೂ ಜೊತೆಗೆ ಒಂದು ಪುಸ್ತಿಕೆ ಬರುತ್ತಿತ್ತು. ಸ್ಮಾರ್ಟ್ ಫೋನಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಿಗುವುದು ಮಡಿಚಿದ ಒಂದು ಚೀಟಿ. ಸಿಮ್ ಎಲ್ಲಿ ಹಾಕಬೇಕು ಎಂಬುದರಾಚೆಗೆ ಅದು ಹೆಚ್ಚೇನೂ ಹೇಳುವುದಿಲ್ಲ. ಹಾಗಾಗಿ ಹೊಸಬರಿಗೆ ಗುರುಗಳೆಂದರೆ ಮೊಬೈಲ್ ಅಂಗಡಿಯ ಹುಡುಗ, ಇಲ್ಲವೆ ಮನೆಯ ಮಕ್ಕಳು ಮೊಮ್ಮಕ್ಕಳು. ಅವರ ಪಾಠ ಹೀಗಿರುತ್ತದೆ: "ಇಲ್ಲಿ ಒತ್ತು, ಮೇಲಕ್ಕೆ ಸರಿಸು, ಹಸಿರು ಗುರುತು ಮುಟ್ಟು, ಏನು ಕೇಳಿದರೂ ಅಲೋ ಅನ್ನು." ಮೂರೇ ನಿಮಿಷದಲ್ಲಿ ಪಾಠ ಮುಗಿಯುತ್ತದೆ. ಕಲಿತವರು ಅದನ್ನು ಮಗ್ಗಿಯಂತೆ ನೆನಪಿಟ್ಟುಕೊಳ್ಳುತ್ತಾರೆ.

ಬಾಯಿಪಾಠವನ್ನು ನಾನು ಹಳಿಯುತ್ತಿಲ್ಲ. ಮಗ್ಗಿ ಬದಲಾಗುವುದಿಲ್ಲವಾದ್ದರಿಂದ ಅದನ್ನು ಬಾಯಿಪಾಠ ಮಾಡಬಹುದು. ಫೋನಿನ ಪರದೆ ಹಾಗಲ್ಲ. ತಂತ್ರಾಂಶ ನವೀಕರಣವಾದ ಮರುದಿನ ಹಸಿರು ಗುರುತು ನೀಲಿಯಾಗಿರುತ್ತದೆ. ಕೆಳಗಿದ್ದದ್ದು ಮೇಲೆ ಹೋಗಿರುತ್ತದೆ. ಆಗ ಮಗ್ಗಿ ಮುರಿಯುತ್ತದೆ, ಕಲಿತವರು ಮೊದಲ ದಿನದ ಸ್ಥಿತಿಗೆ ಮರಳುತ್ತಾರೆ. ತಮಗೆ ಬುದ್ಧಿ ಸಾಲದು ಎಂದುಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ, ಪಾಠದ್ದು.

ಸರ್ಕಾರದ ಪ್ರಯತ್ನ ಆಗಿಲ್ಲವೆಂದಲ್ಲ. ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 2017ರಲ್ಲಿ ಆರಂಭವಾಗಿ 2024ರ ಮಾರ್ಚ್ 31ಕ್ಕೆ ಮುಗಿಯಿತು. ದೇಶದಲ್ಲಿ 6 ಕೋಟಿಗೂ ಹೆಚ್ಚು ಗ್ರಾಮೀಣರು ಅದರಲ್ಲಿ ತರಬೇತಿ ಪಡೆದರು. ಇದು ಸಣ್ಣ ಸಾಧನೆಯಲ್ಲ. ಆದರೆ ಅದರ ಚೌಕಟ್ಟನ್ನು ಗಮನಿಸಿ: ಮನೆಗೆ ಒಬ್ಬರು, 20 ಗಂಟೆಗಳ ಪಾಠ, ವಯಸ್ಸು 14ರಿಂದ 60. ಪಿಂಚಣಿ ಬಂತೇ ಇಲ್ಲವೇ ಎಂದು ಫೋನಿನಲ್ಲಿ ನೋಡಬೇಕಾದವರು ಅರವತ್ತು ದಾಟಿದವರು. ಅವರು ಚೌಕಟ್ಟಿನ ಹೊರಗೇ ಉಳಿದರು. ಮನೆಗೆ ಒಬ್ಬರು ಕಲಿತರೆ ಉಳಿದವರಿಗೆ ಕಲಿಸುತ್ತಾರೆ ಎಂಬುದು ಆಶಯವಿರಬಹುದು. ಆದರೆ ಕಲಿತವರು ದುಡಿಯಲು ಬೆಂಗಳೂರಿಗೆ ಹೋದರೆ ಕಲಿಕೆಯೂ ಅವರೊಡನೆ ಬಸ್ಸು ಹತ್ತುತ್ತದೆ.

ಬೆರಳು ಮತ್ತು ಗಾಜು

ಮೊದಲ ತೊಡಕು ಗಾಜನ್ನು ಮುಟ್ಟುವುದರಲ್ಲೇ ಇದೆ. ಬಟನ್ ಫೋನು ಬಳಸಿ ಅಭ್ಯಾಸವಾದವರು ಪರದೆಯನ್ನೂ ಗುಂಡಿಯಂತೆ ಗಟ್ಟಿಯಾಗಿ ಒತ್ತುತ್ತಾರೆ. ಕೆಲಸ ಆಗದಿದ್ದರೆ ಇನ್ನೂ ಗಟ್ಟಿಯಾಗಿ, ಇನ್ನೂ ಹೆಚ್ಚು ಹೊತ್ತು ಒತ್ತುತ್ತಾರೆ. ಆಗ ಬೇಡದ ಯಾವುದೋ ಪಟ್ಟಿ ತೆರೆದುಕೊಳ್ಳುತ್ತದೆ, ಇಲ್ಲವೆ ಆ್ಯಪ್‌ನ ಗುರುತು ಜಾಗ ಬಿಟ್ಟು ಓಡಾಡತೊಡಗುತ್ತದೆ. "ಫೋನು ಕೆಟ್ಟಿತು" ಎಂಬ ಗಾಬರಿ.

ಕಾರಣ ಸರಳ. ಗಾಜಿನ ಅಡಿಯಲ್ಲಿ ಪಾರದರ್ಶಕ ವಾಹಕದ ತೆಳುವಾದ ಗೆರೆಗಳ ಜಾಲವಿದೆ. ಇದು ಸಾವಿರಾರು ಪುಟ್ಟ ವಿದ್ಯುತ್ ಧಾರಕಗಳ, ಅಂದರೆ ಕೆಪ್ಯಾಸಿಟರ್‌ಗಳ ಹಾಸು. ನಮ್ಮ ದೇಹ ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದಾಗ ಆ ಜಾಗದ ಧಾರಕತೆ ಬದಲಾಗುತ್ತದೆ. ಫೋನು ಅಳೆಯುವುದು ಈ ಬದಲಾವಣೆಯನ್ನು. ಒತ್ತಡವನ್ನು ಅದು ಅಳೆಯುವುದೇ ಇಲ್ಲ! ಅದು ಅಳೆಯುವ ಇನ್ನೊಂದು ಪ್ರಮಾಣವೆಂದರೆ ಕಾಲ. ಸುಮಾರು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಬೆರಳು ಅಲುಗದೆ ನಿಂತರೆ ಅದನ್ನು 'ದೀರ್ಘ ಸ್ಪರ್ಶ' ಎಂದು ತಿಳಿದು ಬೇರೆಯೇ ಕೆಲಸ ಮಾಡುತ್ತದೆ. ಆದ್ದರಿಂದ "ಗಟ್ಟಿಯಾಗಿ ಒತ್ತು" ಎಂಬುದು ತಪ್ಪು ಪಾಠ. "ತಟ್ಟಿ ಕೈ ತೆಗೆ" ಎಂಬುದು ಸರಿಯಾದ ಪಾಠ.

ಇದೇ ತಿಳಿವಳಿಕೆಯಿಂದ ಇನ್ನೆರಡು ಸಂಗತಿಗಳು ಹೊರಡುತ್ತವೆ. ಗುದ್ದಲಿ, ಕುಡುಗೋಲು ಹಿಡಿದ ಕೈಯ ಚರ್ಮ ಒಣಗಿ ದಪ್ಪವಾಗಿರುತ್ತದೆ. ಒಣ ಚರ್ಮದ ಪದರ ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದ ಕಾರಣ ಸ್ಪರ್ಶದ ಸಂಜ್ಞೆ ದುರ್ಬಲವಾಗುತ್ತದೆ. ಬೆರಳ ತುದಿಯ ಬದಲು ಅದರ ಮೆತ್ತನೆಯ ಹೊಟ್ಟೆಭಾಗದಿಂದ ಮುಟ್ಟಿದರೆ ತಾಗುವ ವಿಸ್ತಾರ ಹೆಚ್ಚಿ ಕೆಲಸ ಸುಲಭವಾಗುತ್ತದೆ. ಹಾಗೆಯೇ ನೀರೂ ವಾಹಕವಾದ್ದರಿಂದ ಮಳೆಹನಿ ಬಿದ್ದ ಪರದೆ ತಾನೇ ತಾನಾಗಿ ತೆರೆದು ಮುಚ್ಚುತ್ತದೆ. ಒರೆಸಿದರೆ ಸರಿಹೋಗುತ್ತದೆ, ಅಂಗಡಿಗೆ ಒಯ್ಯಬೇಕಿಲ್ಲ. ಬೆರಳಚ್ಚು ಹಿಡಿಯದಿರುವುದು ಬೇರೆ ವಿಷಯ: ಅಲ್ಲಿ ಬೇಕಾದದ್ದು ಚರ್ಮದ ಮೇಲಿನ ಸೂಕ್ಷ್ಮ ಏರುತಗ್ಗುಗಳು, ದುಡಿಮೆಯಲ್ಲಿ ಅವು ಸವೆದಿರುತ್ತವೆ. ಹಲವು ವರ್ಷ ದುಡಿದವರ ಬೆರಳನ್ನೇ ಗುರುತಿಸಲಾಗದ ವ್ಯವಸ್ಥೆಯನ್ನು ದುಡಿಯುವವರಿಗಾಗಿಯೇ ರೂಪಿಸಿದ್ದು ವಿಪರ್ಯಾಸ. ಮುಖದ ಮೂಲಕ ದೃಢೀಕರಣ ಬಂದದ್ದು ಈ ದೃಷ್ಟಿಯಿಂದ ಸ್ವಾಗತಾರ್ಹ.

'ಲೊಕೇಶನ್ ಆನ್ ಮಾಡಿ'

ಬೆಳೆ ಸಮೀಕ್ಷೆಗೆ ಬರೋಣ. ಬೆಳೆ ವಿಮೆ, ಬೆಳೆ ನಷ್ಟ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಈ ಸಮೀಕ್ಷೆಯ ಮಾಹಿತಿಯೇ ಆಧಾರ. ರೈತನೇ ತನ್ನ ಬೆಳೆಗೆ ಸಾಕ್ಷಿಯಾಗುವ ಈ ಕಲ್ಪನೆ ಒಳ್ಳೆಯದು. ಅದನ್ನು ಮೊದಲು ಮೆಚ್ಚಬೇಕು. ಆದರೆ ಹೊಸಬರಿಗೆ ಅಲ್ಲಿ ಸಿಗುವ ಸೂಚನೆ ಮೂರು ಪದಗಳದ್ದು: 'ಲೊಕೇಶನ್ ಆನ್ ಮಾಡಿ'. ಆನ್ ಮಾಡಿದ ಮೇಲೂ ಹೊಲ ಸಿಗದಿದ್ದರೆ? ಪಕ್ಕದ ಸರ್ವೆ ನಂಬರು ತೋರಿಸಿದರೆ? ಸೂಚನೆಯಲ್ಲಿ ಉತ್ತರವಿಲ್ಲ. ಆಗ ಊರಿನಲ್ಲಿ ಸಮೀಕ್ಷೆಗೆಂದು ನೇಮಕವಾದ ಖಾಸಗಿ ನಿವಾಸಿಯನ್ನು ಹುಡುಕಿಕೊಂಡು ಹೋಗಬೇಕು. ತನ್ನ ಹೊಲಕ್ಕೆ ತಾನೇ ಸಾಕ್ಷಿಯಾಗುವ ಹಕ್ಕು ಅಲ್ಲಿಗೆ ಕೈಬಿಟ್ಟಂತೆ.

ವಿಜ್ಞಾನ ಇಲ್ಲಿ ಏನು ಹೇಳುತ್ತದೆ? ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿ ಉಪಗ್ರಹವೂ "ಈಗ ಸಮಯ ಇಷ್ಟು, ನಾನು ಇಲ್ಲಿದ್ದೇನೆ" ಎಂದು ರೇಡಿಯೊ ಅಲೆಗಳ ಮೂಲಕ ಸಾರುತ್ತಲೇ ಇರುತ್ತದೆ. ಅಲೆ ಬಂದು ತಲುಪಲು ಬೇಕಾಗುವ ಕಾಲ ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗ. ಆ ಕಾಲದಿಂದ ದೂರ ತಿಳಿಯುತ್ತದೆ. ಮೂರು ದಿಕ್ಕುಗಳ ಸ್ಥಾನ ಮತ್ತು ಫೋನಿನ ಗಡಿಯಾರದ ದೋಷ, ಹೀಗೆ ಅವ್ಯಕ್ತಗಳು ನಾಲ್ಕು. ಆದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಿಸಬೇಕು. ಒಂದು ಮೈಕ್ರೊಸೆಕೆಂಡ್ ತಪ್ಪಾದರೆ ಸ್ಥಳದಲ್ಲಿ 300 ಮೀಟರ್ ತಪ್ಪಾಗುತ್ತದೆ! ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ತಿದ್ದುಪಡಿ ಇಲ್ಲದಿದ್ದರೆ ದಿನಕ್ಕೆ ಸುಮಾರು 11 ಕಿಲೋಮೀಟರ್‌ನಷ್ಟು ದೋಷ ಕೂಡಿಕೊಳ್ಳುತ್ತಿತ್ತು. ಕೂಡ್ಲಿಗಿಯ ಹೊಲವೊಂದರ ಬದುವಿನ ಮೇಲೆ ನಿಂತ ರೈತನ ಕೈಯಲ್ಲಿ ಸಾಪೇಕ್ಷತಾ ಸಿದ್ಧಾಂತ ಕೆಲಸ ಮಾಡುತ್ತಿದೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ ನೋಡಿ.

ಇಷ್ಟು ತಿಳಿದರೆ ನಾಲ್ಕು ವ್ಯಾವಹಾರಿಕ ನಿಯಮಗಳು ತಾವಾಗಿ ಹೊರಬರುತ್ತವೆ.

ಒಂದು: ಉಪಗ್ರಹ ಕಾಣಬೇಕಾದರೆ ಆಕಾಶ ಕಾಣಬೇಕು. ಮನೆಯೊಳಗೆ, ದಟ್ಟ ಮರದ ಕೆಳಗೆ, ಬಂಡೆಯ ಮಗ್ಗುಲಲ್ಲಿ ನಿಂತರೆ ಸ್ಥಾನ ತಪ್ಪುತ್ತದೆ.

ಎರಡು: ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ. ಬೇಕಾಗುವುದು ನಕ್ಷೆಗೆ. 'ನೆಟ್ ಇಲ್ಲ, ಅದಕ್ಕೇ ಲೊಕೇಶನ್ ಸಿಗ್ತಿಲ್ಲ' ಎಂಬುದು ಅರ್ಧ ಸತ್ಯ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆವೇಗದಲ್ಲಿ ಕಳಿಸುತ್ತದೆ. ಒಮ್ಮೆ ಪೂರ್ತಿ ಬರಲು ಸುಮಾರು ಅರ್ಧ ನಿಮಿಷ ಬೇಕು. ನೆಟ್ ಇದ್ದರೆ ಫೋನು ಇದೇ ವಿವರವನ್ನು ಬೇಗ ಇಳಿಸಿಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಬಯಲಿನಲ್ಲಿ ಕೆಲವು ನಿಮಿಷ ಕಾಯಬೇಕು, ಅಷ್ಟೆ. ಕಾಯಬೇಕೆಂದು ಯಾರೂ ಹೇಳದ ಕಾರಣ ಹೊಸಬರು ಆಫ್ ಮಾಡಿ ಆನ್ ಮಾಡುತ್ತಾರೆ. ಬರುತ್ತಿದ್ದ ವಿವರ ಅರ್ಧಕ್ಕೆ ನಿಲ್ಲುತ್ತದೆ.

ಮೂರು: ತೆರೆದ ಬಯಲಿನಲ್ಲೂ ಸಾಮಾನ್ಯ ಫೋನಿನ ಸ್ಥಾನದಲ್ಲಿ ಸುಮಾರು 5 ಮೀಟರ್ ಅನಿಶ್ಚಿತತೆ ಇರುತ್ತದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್, ಅಂದರೆ ಹತ್ತು ಮೀಟರ್ ಉದ್ದ ಹತ್ತು ಮೀಟರ್ ಅಗಲ. ಹತ್ತು ಮೀಟರ್ ಅಗಲದ ಪಟ್ಟಿಯಲ್ಲಿ 5 ಮೀಟರ್ ತಪ್ಪಾದರೆ ಪಕ್ಕದವರ ಹೊಲಕ್ಕೆ ಹೋಗಲು ಇನ್ನೇನು ಬೇಕು?

ನಾಲ್ಕು: ಆದ್ದರಿಂದ ಬದುವಿನ ಮೇಲಲ್ಲ, ಹೊಲದ ನಡುವೆ ನಿಂತು ಫೋಟೊ ತೆಗೆಯಬೇಕು.

ಈ ನಾಲ್ಕು ಮಾತುಗಳನ್ನು ಹೇಳಲು ಎಷ್ಟು ಹೊತ್ತು ಬೇಕಾಯಿತು? ಇಷ್ಟನ್ನೂ ಹೇಳದೆ 'ಆನ್ ಮಾಡಿ' ಎಂದು ಮಾತ್ರ ಹೇಳುವ ಪಾಠವನ್ನು ಪೂರ್ಣ ಪಾಠ ಎನ್ನಬಹುದೆ?

ಗೆರೆಗಳನ್ನು ನಂಬಬಹುದೆ?

ಪರದೆಯ ಮೇಲ್ತುದಿಯಲ್ಲಿ ಏರುಕ್ರಮದ ಗೆರೆಗಳಿರುತ್ತವೆ. 'ನಾಲ್ಕೂ ಗೆರೆ ಇದೆ, ಆದ್ರೂ ನೆಟ್ ಬರ್ತಿಲ್ಲ' ಎಂಬ ದೂರನ್ನು ನೀವೂ ಕೇಳಿರುತ್ತೀರಿ. ಎಷ್ಟು ಬಲಕ್ಕೆ ಎಷ್ಟು ಗೆರೆ ಎಂಬುದಕ್ಕೆ ಎಲ್ಲ ತಯಾರಕರೂ ಪಾಲಿಸುವ ಒಂದೇ ಅಳತೆ ಇಲ್ಲ. ಒಂದೇ ಜಾಗದಲ್ಲಿ ಎರಡು ಫೋನು ಎರಡು ಬಗೆ ತೋರಿಸಬಹುದು. ಗೆರೆ ಸೂಚಿಸುವುದು ಗೋಪುರದಿಂದ ಬರುವ ಅಲೆಯ ಬಲವನ್ನೇ ಹೊರತು ಆ ಗೋಪುರವನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನಲ್ಲ. ಕೊಟ್ಟೂರಿನ ರಥೋತ್ಸವದ ದಿನ, ಮೈಲಾರದ ಕಾರ್ಣಿಕದ ದಿನ ಗೆರೆಗಳು ಪೂರ್ತಿ ಇದ್ದರೂ ಫೋಟೊ ಹೋಗದಿರುವುದಕ್ಕೆ ಇದೇ ಕಾರಣ: ರಸ್ತೆ ಚೆನ್ನಾಗಿದೆ, ಗಾಡಿಗಳು ಹೆಚ್ಚಾಗಿವೆ.

ನಿಜವಾದ ಬಲ ತಿಳಿಯಬೇಕಾದರೆ ಸೆಟ್ಟಿಂಗ್‌ಗಳಲ್ಲಿ ಸಿಮ್ ಸ್ಥಿತಿ ಎಂಬಲ್ಲಿ ನೋಡಿ. −85, −110 ಎಂಬಂಥ ಸಂಖ್ಯೆ, ಪಕ್ಕದಲ್ಲಿ ಡಿಬಿಎಂ ಎಂಬ ಏಕಮಾನ ಇರುತ್ತದೆ. ಇದು ಲಾಗರಿದಮ್ ಅಳತೆ. 10 ಕಡಿಮೆಯಾದರೆ ಬಲ ಹತ್ತನೆಯ ಒಂದು ಭಾಗಕ್ಕೆ, 30 ಕಡಿಮೆಯಾದರೆ ಸಾವಿರದ ಒಂದು ಭಾಗಕ್ಕೆ ಇಳಿಯುತ್ತದೆ. ಗುಡೇಕೋಟೆಯ ಕಡೆಯ ಕಲ್ಲುಗುಡ್ಡಗಳ ಹಿಂದೆ ಅಲೆಗೆ ನೆರಳು ಬೀಳುತ್ತದೆ. ಅಲ್ಲಿ ನಾಲ್ಕು ಹೆಜ್ಜೆ ಸರಿದರೂ ಸಂಖ್ಯೆ ಬದಲಾಗುವುದನ್ನು ಕಾಣಬಹುದು.

ದುರ್ಬಲ ಸಿಗ್ನಲ್ ಇರುವಲ್ಲಿ ಬ್ಯಾಟರಿ ಬೇಗ ಮುಗಿಯುವುದೂ ಇದಕ್ಕೇ. ಗೋಪುರ ದೂರವಿದ್ದಾಗ ಫೋನು ತನ್ನ ದನಿ ಎತ್ತರಿಸಬೇಕು. 4ಜಿ ಫೋನು ಗರಿಷ್ಠ ಸುಮಾರು 200 ಮಿಲಿವಾಟ್‌ವರೆಗೆ ಅಲೆ ಹೊರಡಿಸುತ್ತದೆ. ಸಿಗ್ನಲ್ ಇಲ್ಲದ ಹೊಲದಲ್ಲಿ ದಿನವಿಡೀ ಇರುವುದಾದರೆ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬೇಕಾದಾಗ ತೆಗೆಯುವುದು ಜಾಣತನ. 'ವಿಮಾನ ಹತ್ತುವವರಿಗೆ ಮಾತ್ರ' ಎಂದು ಬಿಟ್ಟುಬಿಡುವ ಈ ಗುಂಡಿ ಹೆಚ್ಚು ಉಪಯೋಗವಾಗುವುದು ಎಂದೂ ವಿಮಾನ ಹತ್ತದವರಿಗೆ!

ಪರದೆಯ ಕನ್ನಡ

ಈವರೆಗೆ ಪಾಠ ಹೇಳುವವರ ದೋಷ ನೋಡಿದೆವು. ಪಠ್ಯದ ದೋಷವೂ ಇದೆ. ಪಠ್ಯವೆಂದರೆ ಪರದೆಯ ಮೇಲಿನ ಕನ್ನಡ.

2014ರಲ್ಲಿ ಆ್ಯಂಡ್ರಾಯ್ಡ್‌ನ 5ನೆಯ ಆವೃತ್ತಿಯೊಡನೆ ಫೋನಿನ ಪರದೆಯ ಭಾಷೆಯಾಗಿ ಕನ್ನಡವೂ ಸೇರಿತು. 2017ರಲ್ಲಿ ಗೂಗಲ್‌ನ ಧ್ವನಿ ಬೆರಳಚ್ಚಿಗೆ ಕನ್ನಡ ಬಂತು. ಬರೆಯಲು ಬಾರದವರೂ ಮಾತನಾಡಿ ಬರೆಸಬಹುದಾಯಿತು. ಇವು ದೊಡ್ಡ ಹೆಜ್ಜೆಗಳು. ಆದರೂ ಎಷ್ಟೋ ಮನೆಗಳಲ್ಲಿ ಫೋನಿನ ಭಾಷೆ ಇಂಗ್ಲಿಷೇ. ಕೇಳಿದರೆ, 'ಆ ಕನ್ನಡ ತಿಳಿಯಂಗಿಲ್ಲ ಸರ್' ಎನ್ನುತ್ತಾರೆ. ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಉದಾಹರಣೆಗೆ 'ಅಪ್ಲಿಕೇಶನ್' ಎಂಬ ಪದ. ನಮ್ಮ ಹಳ್ಳಿಗಳಲ್ಲಿ ಅಪ್ಲಿಕೇಶನ್ ಎಂದರೆ ಅರ್ಜಿ. ತಾಲ್ಲೂಕು ಕಚೇರಿಯಲ್ಲಿ ಕೊಡುವಂಥದ್ದು. 'ಅಪ್ಲಿಕೇಶನ್ ಅಳಿಸಿ' ಎಂದು ಕಂಡಾಗ, ಹಾಕಿದ ಅರ್ಜಿಯೇ ಅಳಿಸಿಹೋಗುತ್ತದೆಂದು ಒಬ್ಬರು ಹೆದರಿದರೆ ನಗುವಂತಿಲ್ಲ. ಹಾಗೆಯೇ 'ಸ್ಥಳ' ಎಂದರೆ ನೀವಿರುವ ಜಾಗ. 'ಸ್ಥಳಾವಕಾಶ' ಎಂದರೆ ಫೋಟೊ ತುಂಬಿಡುವ ಜಾಗ. ಒಂದೇ ಪದದಿಂದ ಎರಡು ದೂರದ ಸಂಗತಿಗಳು. 'ಅಡಚಣೆ ಮಾಡಬೇಡಿ' ಎಂಬುದು ಇನ್ನೊಂದು. ಇದು ಫೋನು ನಿಮಗೆ ಹೇಳುವ ಮಾತೆ, ನೀವು ಫೋನಿಗೆ ಹೇಳುವ ಮಾತೆ? ಅದು ಆನ್ ಆಗಿರುವುದು ಗೊತ್ತಾಗದೆ ಕರೆಗಳು ತಪ್ಪಿಹೋಗುತ್ತವೆ. 'ಸದ್ದು ಬೇಡ' ಎಂದಿದ್ದರೆ ಸಾಕಿತ್ತು. ಇಂಗ್ಲಿಷ್ ವಾಕ್ಯದ ಮೇಲೆ ಕನ್ನಡ ಪದಗಳನ್ನು ಜೋಡಿಸುತ್ತ ಹೋದರೆ ಹೀಗಾಗುತ್ತದೆ. ಅನುವಾದ ಮಾಡಿದವರು ಫೋನು ಬಲ್ಲವರು. ಫೋನು ಅರಿಯದವರಿಗೆ ತೋರಿಸಿ ಪರೀಕ್ಷಿಸಿದಂತೆ ಕಾಣುವುದಿಲ್ಲ.

ಊರಿನ ಹೆಸರುಗಳ ಪಾಡೂ ಇದೇ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು. ಮುಂದೆ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರದ್ದಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಯಾವ ಆ್ಯಪ್ ಯಾವ ವರ್ಷದ ಪಟ್ಟಿ ಇಟ್ಟುಕೊಂಡಿದೆ ಎಂಬುದು ಊಹೆಗೆ ಬಿಟ್ಟದ್ದು. ಹಡಗಲಿ ಎಂದು ಹುಡುಕಿದರೆ ಸಿಗದು. 'ಹೂವಿನಹಡಗಲಿ' ಎಂದೇ ಇರಬಹುದು, ಇಂಗ್ಲಿಷ್‌ನಲ್ಲಾದರೆ ಅದಕ್ಕೆ ಎರಡು ಮೂರು ಕಾಗುಣಿತಗಳು. ತಮ್ಮ ತಾಲ್ಲೂಕು ಪಟ್ಟಿಯಲ್ಲಿ ಸಿಗದವರು ತಮ್ಮ ಊರೇ ದಾಖಲೆಯಲ್ಲಿಲ್ಲ ಎಂದುಕೊಳ್ಳುವುದು ಸಹಜ.

ಇನ್ನು ಬೆರಳಚ್ಚು. 'ಕೂಡ್ಲಿಗಿ' ಎಂಬ ಪದ ಬರವಣಿಗೆಯಲ್ಲಿ ಮೂರು ಅಕ್ಷರ: ಕೂ, ಡ್ಲಿ, ಗಿ. ಫೋನಿನ ಲೆಕ್ಕದಲ್ಲಿ ಅದು ಎಂಟು ಸಂಕೇತ. ಹೊಸಬರು ಎಡವುವುದು ನಡುವಿನ ಅಕ್ಷರದಲ್ಲಿ. ಕೈಯಲ್ಲಿ ಬರೆಯುವಾಗ ನಾವು ಮೊದಲು 'ಡಿ' ಬರೆದು, ಆಮೇಲೆ ಕೆಳಗೆ ಲಕಾರದ ಒತ್ತು ಕೊಡುತ್ತೇವೆ. ಫೋನು ಕೇಳುವುದು ಬೇರೆ ಕ್ರಮ: ಡ, ಅರ್ಧಾಕ್ಷರದ ಚಿಹ್ನೆ, ಲ, ಕೊನೆಗೆ ಗುಡಿಸು. ಒತ್ತಕ್ಷರದ ಗುಂಡಿ ಎಲ್ಲಿದೆಯೆಂದು ಹುಡುಕುತ್ತ ಕೂರುವವರಿಗೆ ಒಂದೇ ಮಾತು ಹೇಳಿದರೆ ಸಾಕು: ಫೋನಿನಲ್ಲಿ ಕೈ ಬರೆಯುವ ಕ್ರಮ ಬೇಡ, ಬಾಯಿ ನುಡಿಯುವ ಕ್ರಮ ಬೇಕು. ಡ್, ಲ್, ಇ ಎಂದು ನುಡಿದ ಹಾಗೆಯೇ ಒತ್ತುವುದು. ಈ ಒಂದು ನಿಯಮ ಗೊತ್ತಾದರೆ ಹರಪನಹಳ್ಳಿಯ 'ಳ್ಳಿ'ಯೂ ಕೊಟ್ಟೂರಿನ 'ಟ್ಟೂ' ಕೂಡ ಬರುತ್ತವೆ.

'ಅನುಮತಿಸಿ' ಎಂಬ ಅಪಾಯ

'ಏನು ಕೇಳಿದರೂ ಅಲೋ ಅನ್ನು' ಎಂಬ ಪಾಠ ನೆನಪಿದೆಯಷ್ಟೆ? ಬಾಯಿಪಾಠದ ಕ್ರಮ ಅನನುಕೂಲವನ್ನು ಮೀರಿ ಅಪಾಯಕ್ಕೆ ತಿರುಗುವುದು ಇಲ್ಲಿ.

ಆ್ಯಪ್ ಒಂದು 'ಅನುಮತಿಸಿ' ಎಂದು ಕೇಳಿದಾಗ ಅದು ನಿಮ್ಮ ಕ್ಯಾಮೆರಾವನ್ನೋ ಸಂದೇಶಗಳನ್ನೋ ಬಳಸಲು ಒಪ್ಪಿಗೆ ಬೇಡುತ್ತಿರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ಕೆಲಸಕ್ಕೆ ಇದು ಬೇಕೆ? ಬೆಳೆ ಸಮೀಕ್ಷೆಗೆ ಕ್ಯಾಮೆರಾ ಬೇಕು, ಸ್ಥಳ ಬೇಕು. ಟಾರ್ಚಿನ ಆ್ಯಪ್‌ಗೆ ನಿಮ್ಮ ಸಂದೇಶಗಳನ್ನು ಓದುವ ಅಗತ್ಯವೇನು? ಈಚಿನ ವರ್ಷಗಳಲ್ಲಿ ಮದುವೆಯ ಕರೆಯೋಲೆ, ಪಿಎಂ-ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್ ಮೂಲಕ 'ಎಪಿಕೆ' ಎಂದು ಕೊನೆಗೊಳ್ಳುವ ಕಡತಗಳು ಬರುತ್ತಿವೆ. ಅವು ಕರೆಯೋಲೆಗಳಲ್ಲ, ಆ್ಯಪ್‌ಗಳು. ತೆರೆದು ಅನುಮತಿ ಕೊಟ್ಟರೆ ನಿಮಗೆ ಬರುವ ಒಟಿಪಿಯನ್ನು ವಂಚಕನೂ ಓದುತ್ತಾನೆ. ಕಣ್ಣು ಮುಚ್ಚಿ 'ಅನುಮತಿಸಿ' ಒತ್ತುವ ಅಭ್ಯಾಸ ಮಾಡಿಸಿದವರು ನಾವೇ ಅಲ್ಲವೆ?

ಆರಂಕಿಯ ಒಟಿಪಿಯ ಗಣಿತವನ್ನೂ ಹೇಳಿಕೊಡಿ. ಅದಕ್ಕೆ 10 ಲಕ್ಷ ಸಾಧ್ಯತೆಗಳಿವೆ. ಕೆಲವೇ ನಿಮಿಷ ಬಾಳುವ, ಕೆಲವೇ ಸಲ ಪ್ರಯತ್ನಿಸಬಹುದಾದ ಅದನ್ನು ಊಹಿಸುವುದು ಅಸಾಧ್ಯದ ಮಾತು. ಕಳ್ಳನಿಗಿರುವ ಸುಲಭದ ದಾರಿ ನಿಮ್ಮನ್ನೇ ಕೇಳುವುದು. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆಯ ಹಿಂದಿನ ತರ್ಕ ಇದು. ಹಾಗೆಯೇ ಯುಪಿಐ ಪಿನ್ ಎಂಬುದು ನಿಮ್ಮ ಖಾತೆಯಿಂದ ಹಣ ಹೊರಗೆ ಕಳಿಸಲು ಹಾಕುವ ಸಹಿ. ಹಣ ಬರಲು ಸಹಿ ಬೇಡ. 'ದುಡ್ಡು ಬರುತ್ತೆ, ಪಿನ್ ಒತ್ತಿ' ಎಂದವರು ಮೋಸಗಾರರು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಕೈ ಬದಲಾಯಿಸುವ ಮೊದಲೇ ತಡೆಯಲು ಇರುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು.

ಏನು ಮಾಡಬಹುದು?

ಟೀಕೆ ಮಾಡಿ ಸುಮ್ಮನಾಗುವುದು ಸರಿಯಲ್ಲ. ಈ ಕೆಲಸ ಮಾಡಬಲ್ಲವರು ನೀವು, ಅಂದರೆ ಈ ಐದು ತಾಲ್ಲೂಕುಗಳ ಮತ್ತು ಇಂಥ ಎಲ್ಲ ತಾಲ್ಲೂಕುಗಳ ವಿಜ್ಞಾನ ಶಿಕ್ಷಕರು, ವಿದ್ಯಾರ್ಥಿಗಳು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಅದಕ್ಕೆ ಒಳ್ಳೆಯ ಜಾಗ. ಮೊದಲು ವಿದ್ಯಾರ್ಥಿಗಳು ತಾವು ಪ್ರಯೋಗ ಮಾಡಿ ತಿಳಿಯಲಿ. ಕೆಲವನ್ನು ಇಲ್ಲಿ ಸೂಚಿಸುತ್ತೇನೆ.

1. ಬೆರಳು, ಬಟ್ಟೆ ಸುತ್ತಿದ ಬೆರಳು, ಗಜ್ಜರಿ, ಪ್ಲಾಸ್ಟಿಕ್ ಪೆನ್ನು ಇವುಗಳಿಂದ ಪರದೆ ಮುಟ್ಟಿ. ಯಾವುದಕ್ಕೆ ಸ್ಪಂದಿಸಿತು, ಯಾವುದಕ್ಕೆ ಇಲ್ಲ? ವಾಹಕ, ಅವಾಹಕಗಳ ಪಾಠ ಇಲ್ಲೇ ಇದೆ.

2. ಶಾಲೆಯ ಅಂಗಳದಲ್ಲಿ ಒಂದು ಕಲ್ಲಿಟ್ಟು, ಇಪ್ಪತ್ತು ವಿದ್ಯಾರ್ಥಿಗಳು ಅದರ ಪಕ್ಕ ನಿಂತು ಅಕ್ಷಾಂಶ, ರೇಖಾಂಶಗಳನ್ನು ಐದು ದಶಮಾಂಶ ಸ್ಥಾನಗಳವರೆಗೆ ಬರೆದುಕೊಳ್ಳಲಿ. ಐದನೆಯ ಸ್ಥಾನದ ಒಂದು ಅಂಕಿಗೆ ಸುಮಾರು 1.1 ಮೀಟರ್. ನಕ್ಷೆ ಹಾಳೆಯಲ್ಲಿ ಗುರುತಿಸಿ, ಹರಡು ಎಷ್ಟೆಂದು ನೋಡಿ. ಬೇವಿನ ಮರದ ಕೆಳಗೆ, ಕೊಠಡಿಯೊಳಗೆ ಇದನ್ನೇ ಮತ್ತೆ ಮಾಡಿ ಹೋಲಿಸಿ.

3. ಊರಿನ ಹತ್ತು ಜಾಗಗಳಲ್ಲಿ ಡಿಬಿಎಂ ಸಂಖ್ಯೆ ಬರೆದು ಊರಿನ ಸಿಗ್ನಲ್ ನಕ್ಷೆ ಮಾಡಿ. ಯಾವ ಕಟ್ಟೆಯ ಮೇಲೆ ಕುಳಿತರೆ ಫೋಟೊ ಬೇಗ ಹೋಗುತ್ತದೆ ಎಂಬುದು ಊರಿಗೆ ಉಪಯೋಗವಾಗುವ ಸಂಶೋಧನೆಯೇ!

4. ಪರದೆಯ ಮೇಲಿನ ಹತ್ತು ಕನ್ನಡ ಪದಗಳನ್ನು ಬರೆದು, ಫೋನು ಹೆಚ್ಚು ಬಳಸದ ಐದು ಮಂದಿ ಹಿರಿಯರಿಗೆ ತೋರಿಸಿ, "ಇದರ ಅರ್ಥ ಏನಿರಬಹುದು?" ಎಂದು ಕೇಳಿ. ನೀವು ಉತ್ತರ ಹೇಳಬೇಡಿ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ಅನುವಾದ ಎಲ್ಲಿ ಸೋತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಕಲಿಸುವಾಗ ಒಂದು ಶಿಸ್ತು ಪಾಲಿಸಿ: ಕಲಿಯುವವರ ಕೈಯಿಂದ ಫೋನು ಕಿತ್ತುಕೊಂಡು ನೀವೇ ಮಾಡಿಕೊಡಬೇಡಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಬದಲು ಶಿಕ್ಷಕನೇ ಪ್ರಯೋಗ ಮಾಡಿ ಮುಗಿಸಿದರೆ ಕಲಿತದ್ದು ಯಾರು? ಪ್ರತಿ ಹೆಜ್ಜೆಗೂ "ಈಗ ಫೋನು ಏನು ಅಳೆಯುತ್ತಿದೆ, ಯಾರೊಡನೆ ಮಾತಾಡುತ್ತಿದೆ, ನಿಮ್ಮಿಂದ ಏನು ಕೇಳುತ್ತಿದೆ?" ಎಂಬ ಮೂರು ಪ್ರಶ್ನೆ ಕೇಳಿಸಿ. ಪರದೆಯ ಬಣ್ಣ ಬದಲಾದರೂ ಈ ಮೂರು ಪ್ರಶ್ನೆಗಳು ಬದಲಾಗುವುದಿಲ್ಲ.

ಆ್ಯಪ್ ರೂಪಿಸುವವರಿಗೂ ಒಂದು ಮಾತು ಸಲ್ಲಬೇಕು. 'ಲೊಕೇಶನ್ ಆನ್ ಮಾಡಿ' ಎಂಬ ಸಾಲಿನ ಕೆಳಗೆ 'ಹೊಲದ ನಡುವೆ, ಬಯಲಿನಲ್ಲಿ ನಿಂತು ಎರಡು ನಿಮಿಷ ಕಾಯಿರಿ' ಎಂದು ಸೇರಿಸಲು ಹೆಚ್ಚು ಖರ್ಚಾಗದು. ಹಾಗೆ ಸೇರಿಸುವ ಮೊದಲು ಆ ವಾಕ್ಯವನ್ನು ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ನಾಲ್ವರಿಗೆ ಓದಿ ಹೇಳಿ, ತಿಳಿಯಿತೆ ಎಂದು ಕೇಳಿ ಬರಲಿ.